ಹಾಸಿನಡಿಯ ಕೈ

ಕೆಂಪು ಹಾಸಿನ ಮೇಲೆ ಬೂಟುಗಳು ನಡೆಯುವ ಹೊತ್ತಿಗೆ ಹಾಸಿದವರು ಯಾರ ಕಣ್ಣಿಗೂ ಬೀಳಬಾರದು. ಅದು ಸಭಾಭವನದ ಕಟ್ಟಳೆ. ಹಾಸಬೇಕು, ತುಂಡಿಗೆ ತುಂಡು ಹೊಲಿಯಬೇಕು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಆಮೇಲೆ ಮೊಣಕಾಲ ಮೇಲೆಯೇ ಹಿಂದಕ್ಕೆ ಸರಿಯುತ್ತ ಪರದೆಯ ಮರೆಗೆ ಹೋಗಬೇಕು. ಎದ್ದು ನಡೆಯುವಂತಿಲ್ಲ. ನಡೆದರೆ ಬರಿಗಾಲಿನ ಗುರುತು ಬೀಳುತ್ತದೆ. ಅದು ಫೋಟೋದಲ್ಲಿ ಕಾಣುತ್ತದೆ.

ದಬ್ಬಳ ಈ ಕೆಲಸಕ್ಕೆ ಸೇರಿದಾಗ ಅವಳ ತಲೆ ಕಪ್ಪಗಿತ್ತು, ಮೊಣಕಾಲು ಬೆಳ್ಳಗಿತ್ತು. ಈಗ ಎರಡೂ ಅದಲುಬದಲಾಗಿವೆ ಎಂದು ಅವಳೇ ಹೇಳಿ ನಗುತ್ತಿದ್ದಳು. ಗೋಣಿಚೀಲ ಹೊಲಿಯುವ ದಪ್ಪ ಸೂಜಿಯನ್ನು ಸದಾ ಅಂಗಿಯ ಕೊರಳಪಟ್ಟಿಗೆ ಚುಚ್ಚಿಕೊಂಡಿರುತ್ತಿದ್ದಳು, ಹಾಗಾಗಿ ದಬ್ಬಳ. ಹುಟ್ಟಿದ ಹೆಸರು ಹಿಡಿದು ಕೂಗುವವರು ಯಾರೂ ಉಳಿದಿರಲಿಲ್ಲ. ಅವಳಿಗೆ ಅಂತ ಇದ್ದದ್ದು ಒಬ್ಬ ತಮ್ಮ, ತಮ್ಮನ ಹೆಂಡತಿ, ಸಭಾಭವನದ ಹಿಂದೆ ನೀರಿನ ಟ್ಯಾಂಕಿಗೆ ಅಂಟಿಕೊಂಡ ಒಂದು ಕೋಣೆ. ಕೋಣೆ ಕೆಲಸದ ಜೊತೆ ಬಂದದ್ದು. ಕೆಲಸ ಹೋದರೆ ಅದೂ ಹೋಗುತ್ತದೆ.

ಅಕ್ಕ ತಮ್ಮ ಇಬ್ಬರೂ ಹಾಸಿನ ಕೆಲಸದವರು. ಅವಳದು ಹೊಲಿಗೆ, ಅವನದು ಸುರುಳಿ. ಹಾಸು ಒದ್ದೆ ಎಮ್ಮೆಯಷ್ಟು ಭಾರ. ಸುತ್ತುವಾಗ ಮೊದಲ ಸುತ್ತನ್ನು ಎಬ್ಬಿಸುವುದೇ ಕಷ್ಟ. ಅದಕ್ಕೆಂದೇ ಹಾಸಿನ ತುದಿಯ ಕೆಳಗೆ ದಬ್ಬಳ ಒಂದು ಹಗ್ಗದ ಕುಣಿಕೆ ಹೊಲಿದಿದ್ದಳು. ತಮ್ಮ ಅದರೊಳಗೆ ಬಲಗೈ ತೂರಿಸಿ, ಹಗ್ಗವನ್ನು ಮಣಿಕಟ್ಟಿಗೆ ಒಂದು ಸುತ್ತು ಹಾಕಿಕೊಂಡು, ಮೈಭಾರವನ್ನೆಲ್ಲ ಹಿಂದಕ್ಕೆ ಬಿಟ್ಟು ಎಳೆಯುತ್ತಿದ್ದ. ಮೊದಲ ಸುತ್ತು ಮಗುಚಿಕೊಂಡಿತೆಂದರೆ ಮಿಕ್ಕದ್ದನ್ನು ಇಬ್ಬರೂ ಸೇರಿ ಉರುಳಿಸಿಕೊಂಡು ಹೋಗುತ್ತಿದ್ದರು.

ಅವರು ಕಡಲ ಸೀಮೆಯವರು. ನೆರೆಯಲ್ಲಿ ಮನೆ ಕೊಚ್ಚಿಹೋದ ಮೇಲೆ ರಾಜಧಾನಿಗೆ ಬಂದವರು. ಕಡಲ ಸೀಮೆಯ ಜನ ಆರಿಸಿದ್ದು ದೇಶ ಆಳುವವರ ಪಕ್ಷವನ್ನಲ್ಲ, ತಮ್ಮದೇ ಒಬ್ಬ ಮುಖಂಡನನ್ನು. ಅವನನ್ನು ಅಲ್ಲಿ ಚಿಕ್ಕವರು ದೊಡ್ಡವರೆಲ್ಲ ನಮ್ಮಣ್ಣ ಅನ್ನುತ್ತಿದ್ದರು. ದೇಶ ಆಳುವ ನಾಯಕರಿಗೆ, ಅವರು ಒಬ್ಬರೇ ಆದರೂ, ಸಭಾಭವನದಲ್ಲಿ ಪ್ರಭುಗಳು ಎಂದು ಹೆಸರು. ಪ್ರಭುಗಳಿಗೆ ನಮ್ಮಣ್ಣನನ್ನು ಕಂಡರೆ ಆಗುತ್ತಿರಲಿಲ್ಲ. ತಮ್ಮ ಪಕ್ಷದವರು ಆಳುವ ಸೀಮೆಗಳಿಗೆ ಸೇತುವೆ ಕೊಟ್ಟರು, ಆಸ್ಪತ್ರೆ ಕೊಟ್ಟರು, ರೈಲು ಕೊಟ್ಟರು. ಕಡಲ ಸೀಮೆಗೆ ತನಿಖೆ ಕಳಿಸಿದರು. ನೆರೆ ಪರಿಹಾರ ಕೇಳಲು ಬಂದ ನಮ್ಮಣ್ಣನನ್ನು ಹೊರಗಿನ ಬೆಂಚಿನ ಮೇಲೆ ಕಾಯಿಸಿ ವಾಪಸು ಅಟ್ಟಿದರು.

ದಬ್ಬಳ ಪತ್ರಿಕೆ ಓದುವವಳಲ್ಲ. ಅವಳಿಗೆ ರಾಜಕೀಯವೆಲ್ಲ ಹಾಸಿನ ದಪ್ಪದಲ್ಲಿ ತಿಳಿಯುತ್ತಿತ್ತು. ಬೇಕಾದವರಿಗೆ ದಪ್ಪ ಹಾಸು. ಬೇಡದವರಿಗೆ ತೇಪೆ ಹಾಕಿದ ಹಳೆಯದು. ನಮ್ಮಣ್ಣ ಪರಿಹಾರ ಕೇಳಲು ಬಂದ ದಿನ ಯಾವುದೂ ಬೇಡ ಎಂದಿದ್ದರು.

"ಅಣ್ಣ ಬಂದ್ರು, ನಮಗೆ ರಜ ಸಿಕ್ತು," ಎಂದು ತಮ್ಮ ನಕ್ಕಿದ್ದ. ಆದರೆ ಆವತ್ತು ತಟ್ಟೆಯ ಮುಂದೆ ಕೂತವನು ಹಾಗೇ ಎದ್ದು ಹೋದ.

ಆ ವರ್ಷ ಸಭಾಭವನದಲ್ಲಿ ಹೊರದೇಶದ ಸಲಹೆಗಾರನೊಬ್ಬ ಬಂದು ಕೂತ. ಸಮುದ್ರದಾಚೆಯ ಬಲಾಢ್ಯ ದೇಶ. ಪ್ರಭುಗಳಿಗೆ ಸಾಲ ಕೊಡುತ್ತಿದ್ದದ್ದು ಅದು, ಬಂದೂಕು ಕೊಡುತ್ತಿದ್ದದ್ದೂ ಅದೇ. ಸಲಹೆಗಾರನಿಗೆ ಇಲ್ಲಿಯ ಒಂದು ಮಾತೂ ಬರುತ್ತಿರಲಿಲ್ಲ. ಬಾಲದ ಹಾಗೆ ಒಬ್ಬ ದುಭಾಷಿ ಸದಾ ಅವನ ಹಿಂದೆ ಇರುತ್ತಿದ್ದ. ಯಾರು ಯಾರ ಪಕ್ಕ ನಿಲ್ಲಬೇಕು, ಯಾರ ಮುಖದ ಮೇಲೆ ಬೆಳಕು ಬೀಳಬೇಕು, ಯಾರು ಚಿಕ್ಕದಾಗಿ ಕಾಣಬೇಕು ಎಂದು ಹೇಳಿಕೊಡುವುದು ಸಲಹೆಗಾರನ ಕಸುಬು. ಮೊದಲೆಲ್ಲ ಶಿಷ್ಟಾಚಾರದ ಅಧಿಕಾರಿ ಏನೇ ಇದ್ದರೂ ಪ್ರಭುಗಳ ಕಚೇರಿಗೆ ಫೋನು ಮಾಡಿ ಕೇಳುತ್ತಿದ್ದ. ಈಗ ಸಲಹೆಗಾರನ ಮುಖ ನೋಡುತ್ತಿದ್ದ.

ಎಲ್ಲ ಸೀಮೆಗಳ ಮುಖಂಡರ ಸಭೆ ಕರೆದರು. ಬೆಳಿಗ್ಗೆಯೇ ಅಧಿಕಾರಿ ಅಕ್ಕ ತಮ್ಮನನ್ನು ಕರೆಸಿದ. ಸಲಹೆಗಾರ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ.

"ಎಲ್ಲರಿಗೂ ದಪ್ಪ ಹಾಸು. ಕಾರಿನಿಂದ ಬಾಗಿಲ ತನಕ. ಕಡಲ ಸೀಮೆಯವನ ಕಾರು ಕೊನೇದು. ಅವನ ಕಾರು ನಿಂತ ತಕ್ಷಣ ಸುತ್ಕೊಂಡು ಬರಬೇಕು. ಅವನು ಬರೀ ಕಲ್ಲಿನ ಮೇಲೆ ನಡೀಲಿ."

ತಮ್ಮ ಬಾಯಿ ಬಿಟ್ಟ. "ಸಾರ್, ಮೊದಲೇ ತೆಗೆದುಬಿಟ್ರೆ ಆಗಲ್ವಾ? ಮನುಷ್ಯ ಎದುರಿಗೆ ಬಂದು ನಿಂತಾಗ ಸುತ್ತೋದು..."

"ಮೊದಲೇ ತೆಗೆದ್ರೆ ಯಾರಿಗೆ ಕಾಣ್ಸುತ್ತೆ?" ಅಧಿಕಾರಿ ಸಲಹೆಗಾರನ ಕಡೆ ನೋಡಿದ. ಸಲಹೆಗಾರ ಏನೋ ಹೇಳಿದ. ದುಭಾಷಿ ನಗುತ್ತ ಅದನ್ನು ಇವರಿಗೆ ದಾಟಿಸಿದ. "ಹಾಸು ಇಲ್ಲದೆ ನಡೆಯೋನು ಬಡವನ ಥರ ಕಾಣ್ತಾನಂತೆ. ಎದುರಿಗೇ ಹಾಸು ಕಿತ್ಕೊಂಡ್ರೆ ಮೂರ್ಖನ ಥರ ಕಾಣ್ತಾನಂತೆ. ಜನ ಬಡವನಿಗೆ ಓಟು ಹಾಕ್ತಾರೆ, ಮೂರ್ಖನಿಗೆ ಹಾಕಲ್ಲ ಅಂತಿದಾರೆ."

"ನೀವೂ ಆ ಕಡೆಯವರೇ ಅಲ್ವಾ?" ಅಧಿಕಾರಿ ಕೇಳಿದ. "ಅದಕ್ಕೇ ನಿಮ್ಮಿಬ್ಬರನ್ನೇ ಹಾಕಿರೋದು. ನಿಮ್ಮೋರ ಕೈಯಲ್ಲೇ ಸುತ್ತಿಸಿದ್ರೆ ಇನ್ನೂ ಚೆಂದ."

ಹೊರಗೆ ಬಂದು ತಮ್ಮ ಗೋಡೆಗೆ ಒರಗಿದ. "ಹೆಂಗಕ್ಕ ಮಾಡೋದು? ನಮ್ಮಣ್ಣನ ಎದುರಿಗೆ."

"ತಲೆ ಬಗ್ಗಿಸ್ಕೊಂಡು ಮಾಡೋದು," ಅಂದಳು ದಬ್ಬಳ. "ಸಂಬಳ ನಮ್ಮ ಮೊಣಕಾಲಿಗೆ. ಮುಖಕ್ಕೆ ಯಾರೂ ಕೊಡಲ್ಲ. ಮುಖ ಕೆಳಗೆ ಹಾಕು, ಯಾರು ಅಂತ ಅವರಿಗೂ ಗೊತ್ತಾಗಲ್ಲ."

ಅದೇ ಆಯಿತು. ಒಂದೊಂದೇ ಕಾರು ಬಂತು. ಒಬ್ಬೊಬ್ಬರೇ ಇಳಿದರು, ಹಾಸಿನ ಮೇಲೆ ನಡೆದು ಒಳಗೆ ಹೋದರು. ಕ್ಯಾಮೆರಾಗಳು ಮಿಣಿಮಿಣಿ ಅಂದವು. ಕೊನೆಯ ಕಾರು ತಿರುಗಿಕೊಂಡು ಬರುವಾಗ ಅಧಿಕಾರಿ ಬೆರಳು ಆಡಿಸಿದ. ಅಕ್ಕ ತಮ್ಮ ಪರದೆಯ ಮರೆಯಿಂದ ಮೊಣಕಾಲಲ್ಲಿ ತೆವಳುತ್ತ ಹೊರಗೆ ಬಂದರು. ಜನರ ಎದುರಿಗೆ ಅವರು ಹಾಗೆ ಬಂದದ್ದು ಅದೇ ಮೊದಲು. ಯಾರೋ ನಕ್ಕರು. ತಮ್ಮ ಹಾಸಿನ ತುದಿಯ ಕೆಳಗೆ ಕೈ ತೂರಿಸಿ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡ. ದಬ್ಬಳ ಇನ್ನೊಂದು ಮೂಲೆ ಹಿಡಿದಳು.

ಕಾರಿನ ಬಾಗಿಲು ಅವರು ಎಣಿಸಿದ್ದಕ್ಕಿಂತ ಬೇಗ ತೆರೆಯಿತು. ನಮ್ಮಣ್ಣ ನೋಡಿದ. ಅವನಿಗೆ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ನೆಗೆದು ಬಂದವನೇ ಏಳುತ್ತಿದ್ದ ಹಾಸಿನ ತುದಿಯ ಮೇಲೆ ಬೂಟುಗಾಲು ಊರಿದ.

ಹಾಸು ಚಪ್ಪಟೆಯಾಯಿತು. ಕೈ ಅದರ ಕೆಳಗಿತ್ತು.

ಒಳಗೆ ಒಣಕಡ್ಡಿ ಮುರಿದಂಥ ಸದ್ದು. ತಮ್ಮನ ಬಾಯಿ ತೆರೆಯಿತು, ಸ್ವರ ಬರಲಿಲ್ಲ. ದಬ್ಬಳ ತಲೆ ಎತ್ತಿದಳು.

"ಅಣ್ಣಾ," ಅಂದಳು. "ಕೈ."

ನಮ್ಮಣ್ಣ ಕೆಳಗೆ ನೋಡಿದ. ಹಾಸಿನ ಉಬ್ಬನ್ನು ನೋಡಿದ, ಅದರಿಂದ ಹೊರಬಂದ ತೋಳನ್ನು ನೋಡಿದ, ಅವಳ ಕಣ್ಣನ್ನು ನೋಡಿದ. ಆಮೇಲೆ ಎದುರಿಗಿದ್ದ ಕ್ಯಾಮೆರಾಗಳನ್ನು ನೋಡಿದ. ಇನ್ನೊಂದು ಕಾಲನ್ನೂ ಹಾಸಿನ ಮೇಲಿಟ್ಟ.

"ಇದು ಯಾರಪ್ಪನ ಮನೆ ಹಾಸೂ ಅಲ್ಲ," ಎಂದು ಕೂಗಿ ಹೇಳಿದ. "ಇದು ನನ್ನ ಜನರ ಬೆವರಿನ ಹಾಸು. ಇದನ್ನ ನೆಟ್ಟಗೆ ಹಾಸೋ ತನಕ ನಾನು ಇಲ್ಲಿಂದ ಕದಲಲ್ಲ."

ಬೇಲಿಯ ಆಚೆ ನಿಂತಿದ್ದ ಕಡಲ ಸೀಮೆಯ ಕೂಲಿಗಳು ಚಪ್ಪಾಳೆ ಹೊಡೆದರು. ಅಧಿಕಾರಿ ಓಡಿ ಬಂದ. ದಬ್ಬಳ ಅವನ ಪ್ಯಾಂಟಿನ ಅಂಚು ಹಿಡಿದಳು.

"ಸಾರ್, ಕೈ ಸಿಕ್ಕೊಂಡಿದೆ. ಕುಣಿಕೇಲಿದೆ ಸಾರ್."

ಅಧಿಕಾರಿಯೂ ನೋಡಿದ. ಅವನ ಕಣ್ಣು ಮೆಟ್ಟಿಲ ಮೇಲೆ ನಿಂತಿದ್ದ ಸಲಹೆಗಾರನ ಕಡೆ ಹೋಯಿತು. ಸಲಹೆಗಾರ ಕೈಯನ್ನು ತನ್ನ ಕಡೆಗೆ ಎಳೆದುಕೊಂಡು ತೋರಿಸಿದ. ಎಳೆಯಿರಿ.

"ಎಳೀರೋ," ಎಂದು ಅಧಿಕಾರಿ ಕಾವಲಿನವರಿಗೆ ಕೂಗಿದ. ಅವರು ಬಾಗಿಲ ಕಡೆಯ ತುದಿ ಹಿಡಿದು ಎಳೆದರು. ನಮ್ಮಣ್ಣ ಹಿಮ್ಮಡಿ ಒತ್ತಿ ನಿಂತ. ಹಾಸು ಬಿಗಿಯಾಯಿತು. ಹಗ್ಗ ಮಣಿಕಟ್ಟನ್ನು ಹಿಂಡಿತು. ಬೂಟು ಅಂಗೈಯನ್ನು ಬಿಡಲಿಲ್ಲ. ನಮ್ಮಣ್ಣ ಸ್ವಾಭಿಮಾನದ ಬಗ್ಗೆ ಮಾತಾಡುತ್ತಲೇ ಇದ್ದ. ತಮ್ಮ ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡು ಕಚ್ಚಿದ. ಕೂಗಲಿಲ್ಲ. ದಬ್ಬಳ ಸೂಜಿಯಿಂದ ಹಗ್ಗದ ಎಳೆ ಎಳೆ ಕೀಳುತ್ತ ಕೂತಳು. ಹಗ್ಗ ಅವಳೇ ಹೊಲಿದದ್ದು. ಬಹಳ ಗಟ್ಟಿಯಾಗಿ ಹೊಲಿದಿದ್ದಳು.

ಆಮೇಲೆ ಆಸ್ಪತ್ರೆಯಲ್ಲಿ ಅವಳು ಕೇಳಿದಳು, "ಯಾಕೋ ಕೂಗಲಿಲ್ಲ?"

"ಅಣ್ಣ ಮಾತಾಡ್ತಿದ್ರಲ್ಲಕ್ಕ," ಅಂದ ತಮ್ಮ. "ನಾನು ಕೂಗಿದ್ರೆ ಅವರ ಮಾತು ಕೆಟ್ಟುಹೋಗ್ತಿತ್ತು. ಪಾಪ, ಅವರು ನೋಡಲಿಲ್ಲ."

ದಬ್ಬಳ ಅವನ ಹೊದಿಕೆ ಸರಿಪಡಿಸಿದಳು. ಮನುಷ್ಯನಿಗೆ ಕೈ ಹೋಗುತ್ತಿರುವಾಗ ನಂಬಿಕೆಯನ್ನೂ ಕಿತ್ತುಕೊಳ್ಳುವುದು ಅವಳಿಗೆ ಆಗಲಿಲ್ಲ.

ಆಸ್ಪತ್ರೆ ಸರ್ಕಾರದ್ದು. ಉದ್ದನೆಯ ವಾರ್ಡು, ಕಬ್ಬಿಣದ ಮಂಚ, ಸೋರುವ ನಲ್ಲಿ. ಅಂಗೈಯ ಎಲುಬುಗಳು ಪುಡಿಯಾಗಿದ್ದವು. ಬೆರಳುಗಳು ಬದನೆಕಾಯಿಯಂತೆ ಊದಿ ಬಣ್ಣಗೆಟ್ಟಿದ್ದವು. ತುರ್ತಾಗಿ ಆಪರೇಷನ್ ಆಗಬೇಕು, ಬೇಗ ಮಾಡಿದರೆ ಕೈ ಉಳಿಯಬಹುದು, ಆದರೆ ಅದು ಇಲ್ಲಿ ಆಗುವ ಕೆಲಸವಲ್ಲ, ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂದು ಡಾಕ್ಟರು ಹೇಳಿದ. ಕಳಿಸಲು ಮೇಲಿನವರ ಅಪ್ಪಣೆ ಬೇಕು ಎಂದೂ ಹೇಳಿದ.

ಅಪ್ಪಣೆ ಕೊಡಬಲ್ಲವರು ಮರುದಿನ ಬಂದರು. ಅಧಿಕಾರಿ, ಸಲಹೆಗಾರ, ದುಭಾಷಿ, ಕ್ಯಾಮೆರಾದವನು. ಹೊರಗೆ ಆಗಲೇ ನಮ್ಮಣ್ಣನ ಫೋಟೋ ಗೋಡೆಗೋಡೆಗೆ ಅಂಟಿತ್ತು: ಹಾಸಿನ ಮೇಲೆ ಊರಿದ ಬೂಟು, ಎತ್ತಿದ ತಲೆ. ಮೂರ್ಖನಾಗಬೇಕಿದ್ದವನು ಹುಲಿಯಾಗಿದ್ದ. ಸಲಹೆಗಾರನ ಮುಖ ಗಂಟಿಕ್ಕಿತ್ತು. ಅವನು ಕೈಯ ಮೇಲೆ ಬಗ್ಗಿ ನೋಡಿದ. ಮುಖ ತಿರುಗಿಸಲಿಲ್ಲ. ಬಟ್ಟೆ ಅಂಗಡಿಯಲ್ಲಿ ನೇಯ್ಗೆ ನೋಡುವವರ ಹಾಗೆ ನೋಡಿದ.

"ಕಟ್ಟು ಬಿಚ್ಚಿಡಬೇಕಂತೆ," ಎಂದು ದುಭಾಷಿ ಹೇಳಿದ. "ಬಟ್ಟೆ ಸುತ್ತಿದ್ರೆ ಏನೂ ಕಾಣಲ್ಲ."

ನರ್ಸು ಡಾಕ್ಟರ ಮುಖ ನೋಡಿದಳು. ಡಾಕ್ಟರು ಕಿಟಕಿಯ ಕಡೆ ನೋಡಿದ. ಕಟ್ಟು ಬಿಚ್ಚಿದರು.

"ಹೇಳಮ್ಮ," ಅಂದ ಅಧಿಕಾರಿ ದಬ್ಬಳನಿಗೆ. "ಯಾರು ತುಳಿದದ್ದು?"

"ನಮ್ಮಣ್ಣ."

"ಬೇಕೂ ಅಂತ ತುಳಿದ, ಅಲ್ವಾ? ನೀನು ಹೇಳಿದ ಮೇಲೂ ತುಳಿದ."

"ಹೌದು."

ಅಧಿಕಾರಿಯ ಮುಖ ಅರಳಿತು. ಕ್ಯಾಮೆರಾದವನಿಗೆ ಸನ್ನೆ ಮಾಡಿದ. "ಅಷ್ಟೇ. ಇದನ್ನೇ ಹೇಳು. ಇವತ್ತೇ ದೊಡ್ಡ ಆಸ್ಪತ್ರೆಗೆ ಹಾಕ್ಸೋಣ."

"ನೀವು ಎಳೆಸಿದ್ದು?" ಅಂದಳು ದಬ್ಬಳ.

"ಏನು?"

"ಕೈ ಒಳಗಿದೆ ಅಂತ ನಿಮಗೂ ಹೇಳಿದೆ. ನೀವು ಎಳೀರೋ ಅಂದ್ರಿ. ಬೂಟು ಅವರದು. ಎಳೆತ ನಿಮ್ಮದು. ಹೇಳಿದ್ರೆ ಎರಡೂ ಹೇಳ್ತೀನಿ."

ದುಭಾಷಿ ಅದನ್ನು ಸಲಹೆಗಾರನ ಕಿವಿಯಲ್ಲಿ ಹೇಳಿದ. ಸಲಹೆಗಾರ ಮೊದಲ ಸಲ ಅವಳ ಮುಖ ನೋಡಿದ. ಏನೋ ಅಂದ. ದುಭಾಷಿ ಹೇಳಿದ, "ಅರ್ಧ ಸಾಕಂತೆ."

"ನನ್ನ ತಮ್ಮನ ಕೈ ಅರ್ಧ ಮುರಿದಿಲ್ಲ."

ಅವರು ಹೊರಟುಹೋದರು. ಕಟ್ಟು ಮತ್ತೆ ಕಟ್ಟಲು ಹೇಳಿ ಹೋಗಲಿಲ್ಲ. ನರ್ಸು ಕಟ್ಟಲಿಲ್ಲ. ದಬ್ಬಳ ಒಗೆದ ಟವೆಲನ್ನು ಕೈಯ ಮೇಲೆ ಮುಚ್ಚಿದಳು. ಸಂಜೆ ನರ್ಸು ಅದನ್ನೂ ತೆಗೆದಳು. "ನನ್ನ ಮೇಲೆ ಬರುತ್ತಕ್ಕ," ಅಂದಳು.

ಸಂಜೆ ಕಡಲ ಸೀಮೆಯಿಂದ ನಮ್ಮಣ್ಣನ ಕಾರ್ಯದರ್ಶಿ ಬಂದ. ಹಣ್ಣು ತಂದಿದ್ದ. ಊರಿನ ಮಾತಲ್ಲೇ ಮಾತಾಡಿದ. ಆ ಮಾತಿನ ಧಾಟಿ ಕೇಳಿ ತಮ್ಮನ ಹೆಂಡತಿ ಅತ್ತುಬಿಟ್ಟಳು.

"ಅಣ್ಣನಿಗೆ ರಾತ್ರಿಯೆಲ್ಲ ನಿದ್ದೆ ಇಲ್ಲ ಕಣಮ್ಮ. ನಮ್ಮ ಹುಡುಗನ ಕೈಯನ್ನ ಆ ಪಾಪಿಗಳು ಎಳೆದು ಮುರಿದ್ರಲ್ಲ ಅಂತ. ಎದ್ದು ಹೇಳು ತಾಯಿ, ಎಳೆದದ್ದು ಅವರೇ ಅಂತ. ನಮ್ಮ ಆಸ್ಪತ್ರೆಗೆ ವಿಮಾನದಲ್ಲಿ ಕರ್ಕೊಂಡು ಹೋಗ್ತೀವಿ."

"ಎಳೆದದ್ದು ಅವರೇ," ಅಂದಳು ದಬ್ಬಳ. "ತುಳಿದದ್ದು ಅಣ್ಣ."

ಕಾರ್ಯದರ್ಶಿಯ ಕೈ ಹಣ್ಣಿನ ಚೀಲದ ಮೇಲೇ ನಿಂತಿತು. "ಅವರು ನೋಡಲಿಲ್ಲಮ್ಮ."

"ನೋಡಿದ್ರು."

ಮಂಚದ ಮೇಲೆ ತಮ್ಮ ಕಣ್ಣು ಮುಚ್ಚಿ ಮಲಗಿದ್ದ. ನಿದ್ದೆ ಹೋಗಿದ್ದಾನೆ ಎಂದುಕೊಂಡೇ ಅವಳು ಹೇಳಿದ್ದು. ಅವನು ಮಗ್ಗುಲು ಬದಲಿಸಿ ಗೋಡೆಯ ಕಡೆ ತಿರುಗಿದ.

ಕಾರ್ಯದರ್ಶಿ ಹಣ್ಣಿನ ಚೀಲ ವಾಪಸು ಎತ್ತಿಕೊಳ್ಳಲಿಲ್ಲ. ಅಷ್ಟು ಮರ್ಯಾದೆ ಉಳಿಸಿಕೊಂಡ. ಬಾಗಿಲಲ್ಲಿ ನಿಂತು, "ನಮ್ಮೋರೇ ನಮಗೆ ಶತ್ರುಗಳಾದ್ರೆ ಇನ್ನೇನು," ಅಂದು ಹೋದ.

ಕೈ ವಾಸನೆ ಬರತೊಡಗಿತು. ಪಕ್ಕದ ಮಂಚದವನು ಬೇರೆ ಕಡೆ ಜಾಗ ಕೇಳಿ ಹೋದ. ತಮ್ಮನಿಗೆ ಜ್ವರ ಏರಿತು. ಜ್ವರದಲ್ಲೂ ಅವನು ಅಕ್ಕನ ಜೊತೆ ಮಾತಾಡಲಿಲ್ಲ. ಅಣ್ಣ ನೋಡಿದ್ದಕ್ಕಿಂತ, ಅಕ್ಕ ಅದನ್ನು ಬಾಯಿಬಿಟ್ಟು ಹೇಳಿದ್ದೇ ಅವನಿಗೆ ದೊಡ್ಡ ಏಟಾಗಿತ್ತೋ ಏನೋ. ನಲ್ಲಿ ಸೋರುತ್ತಲೇ ಇತ್ತು.

ತಮ್ಮನ ಹೆಂಡತಿ ದಬ್ಬಳನನ್ನು ಹೊರಗೆ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದಳು. ಮೆತ್ತಗಿನ ಹೆಂಗಸು. ಗಟ್ಟಿಯಾಗಿ ಮಾತಾಡಿದ್ದೇ ಇಲ್ಲ.

"ಅಕ್ಕ, ಯಾರಿಗಾದ್ರೂ ಒಬ್ಬರಿಗೆ ಹೂಂ ಅಂದುಬಿಡು."

"ಹೆಂಗೆ ಅನ್ಲಿ?"

"ಬಾಯಲ್ಲಿ ಅನ್ನು. ನಿಜ ನಿಜ ಅಂತ ಕೂತಿದೀಯಲ್ಲ, ಕೊಳೀತಿರೋದು ನಿನ್ನ ಕೈಯಲ್ಲ. ನಿನ್ನ ನಿಜಕ್ಕೆ ನನ್ನ ಗಂಡನ ಕೈ ಕೊಡಬೇಕಾ? ನಾಳೆ ಅವನಿಗೆ ತುತ್ತು ಕಲಸಿ ಇಡೋಳು ನಾನು. ನಿನ್ನ ನಿಜ ಇಡುತ್ತಾ?"

ದಬ್ಬಳ ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತಳು. ನಾದಿನಿ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ತಾನು ಯಾರಿಗಾಗಿ ಪಟ್ಟು ಹಿಡಿದಿದ್ದೇನೆ ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರವೇನೋ ಇತ್ತು. ಆದರೆ ಅದು ಕೊಳೆಯುವ ಬೆರಳಿನ ಮುಂದೆ ನಿಲ್ಲುವಂಥದ್ದಾಗಿರಲಿಲ್ಲ.

ಬೆಳಗಾಗುತ್ತಲೇ ಸಭಾಭವನಕ್ಕೆ ಹೋದಳು. ಹಿಂದಿನ ಬಾಗಿಲಿಂದ ಹೋಗಿ ಅಧಿಕಾರಿಯ ಕೋಣೆಯ ಹೊರಗೆ ನಿಂತಳು. ಒಳಗೆ ಕರೆದಾಗ ನಿಂತೇ ಹೇಳಿದಳು.

"ಸಾರ್, ಹೇಳ್ತೀನಿ. ಬೂಟಿಂದು ಮಾತ್ರ ಹೇಳ್ತೀನಿ. ಕ್ಯಾಮೆರಾ ಕರೆಸಿ. ಅವನನ್ನ ಇವತ್ತೇ ಸಾಗಿಸಿಬಿಡಿ."

ಅಧಿಕಾರಿ ಪೆನ್ನು ಕೆಳಗಿಟ್ಟ. ಅವಳನ್ನು ಕಂಡು ಅವನಿಗೆ ಪಾಪ ಅನ್ನಿಸಿದಂತಿತ್ತು. ನಗುವೂ ಬಂತು.

"ಈಗ ಬೇಡಮ್ಮ."

"ಏನ್ ಬೇಡ?"

"ಅದೆಲ್ಲ ಮುಗೀತು. ರಾಜಿ ಆಗಿದೆ."

ಸಮುದ್ರದಾಚೆಯ ದೇಶಕ್ಕೆ ಕಡಲ ಸೀಮೆಯ ಬಂದರು ಬೇಕಾಗಿತ್ತು. ಅದರ ಹಡಗುಗಳು ನಿಲ್ಲಲು ಅಷ್ಟು ಆಳದ ನೀರು ಬೇರೆಲ್ಲೂ ಇರಲಿಲ್ಲ. ಆ ದೇಶದ ದೂತ ತಾನೇ ಎರಡು ಕಡೆಗೂ ಫೋನು ಮಾಡಿದ್ದ. ಪ್ರಭುಗಳು ತನಿಖೆ ನಿಲ್ಲಿಸಿದರು. ನಮ್ಮಣ್ಣ ಬಂದರಿಗೆ ಒಪ್ಪಿದ. ನೆರೆಯಲ್ಲಿ ಮನೆ ಹೋದವರಿಗೆ ಸಿಗದ ಪ್ರಭುಗಳ ಭೇಟಿ, ಬಂದರಿನ ಮಾತು ಬಂದ ಕೂಡಲೇ ಸಿಕ್ಕಿತ್ತು. ಇನ್ನು ಮೇಲೆ ಬೂಟೂ ಇಲ್ಲ, ಎಳೆತವೂ ಇಲ್ಲ.

"ಕೆಲಸದಲ್ಲಿ ಅಜಾಗರೂಕತೆಯಿಂದ ಆದ ಅಪಘಾತ," ಅಂದ ಅಧಿಕಾರಿ. "ಎರಡೂ ಕಡೆಯವರು ಒಪ್ಪಿದಾರೆ."

"ದೊಡ್ಡ ಆಸ್ಪತ್ರೆ?"

"ಅಪಘಾತಕ್ಕೆ ಅಲ್ಲಿ ತಗೊಳ್ಳಲ್ಲ. ಇಲ್ಲೇ ನೋಡ್ತಾರೆ ಬಿಡು. ಹಾಂ, ಮುಂದಿನ ವಾರ ದೂತರ ಎದುರಿಗೆ ಇಬ್ಬರೂ ಕೈ ಕುಲುಕ್ತಾರೆ. ದಪ್ಪ ಹಾಸು ತೊಳೆದಿಡು. ಆ ಕಡೆ ಒಂದು ಕಲೆ ಉಳಿದಿದೆ."

ಅವಳು ಆಸ್ಪತ್ರೆಗೆ ವಾಪಸು ಬರುವ ಹೊತ್ತಿಗೆ ಇಲ್ಲೇ ನೋಡಿದ್ದರು. ಮಣಿಕಟ್ಟಿನಿಂದ ಕೆಳಗೆ ಏನೂ ಇರಲಿಲ್ಲ. ಈಗ ಕಟ್ಟು ಬಿಳಿಯಾಗಿ, ಅಚ್ಚುಕಟ್ಟಾಗಿ ಕಟ್ಟಿದ್ದರು. ಮಾರಲು ಹೋದ ನಿಜವನ್ನು ಕೊಳ್ಳುವವರು ಇರಲಿಲ್ಲ ಎಂದು ನಾದಿನಿಗೆ ಹೇಳಬೇಕು ಅಂದುಕೊಂಡಳು. ನಾದಿನಿ ಕೇಳಲಿಲ್ಲ.

ಹಾಸು ತೊಳೆದಳು. ಬ್ರಷ್ಷು ಹಿಡಿದು ಆ ಕಲೆಯನ್ನು ಉಜ್ಜಿದಳು. ಕೆಂಪಿನ ಮೇಲೆ ಕೆಂಪು ಕಲೆ, ಒಣಗಿ ಕಂದಾಗಿತ್ತು. ಪಕ್ಕದಲ್ಲಿ ನೆಲ ಒರೆಸುತ್ತಿದ್ದ ಮುದುಕ, "ಬಣ್ಣ ಒಂದೇ ಅಲ್ವೇನೇ, ಬಿಡು, ಯಾರಿಗೆ ಕಾಣ್ಸುತ್ತೆ," ಅಂದ. ಅವಳು ಉಜ್ಜುವುದನ್ನು ನಿಲ್ಲಿಸಿದಳು. ಹಾಗೇ ಬಿಟ್ಟಳು.

ಕೈ ಕುಲುಕುವ ದಿನ ಬಂತು. ಒಳಾಂಗಣದಲ್ಲಿ ಕಾರ್ಯಕ್ರಮ. ಮೆಟ್ಟಿಲಿನಿಂದ ವೇದಿಕೆಯ ತನಕ ಹಾಸು. ಸುರುಳಿ ಹಿಡಿಯಲು ಆಳು ಕಮ್ಮಿ. ಅಧಿಕಾರಿ ತಮ್ಮನ ಹೆಂಡತಿಯನ್ನು ಕರೆಸಿದ್ದ. ಗಂಡನ ಜಾಗದಲ್ಲಿ ನೀನು ಸೇರಿಕೋ, ಕೋಣೆ ಉಳಿಯುತ್ತದೆ ಎಂದು ಹೇಳಿ ಕರೆಸಿದ್ದ. ಅವಳು ಹೆದರಿಕೊಂಡು ಬಂದು ನಿಂತಿದ್ದಳು. ಸುರುಳಿ ಬಿಚ್ಚಿ ಎಳೆಯಲೆಂದು ಹಾಸಿನ ತುದಿಯಲ್ಲಿ ಹೊಸ ಕುಣಿಕೆ ಹೊಲಿದಾಗಿತ್ತು. ದಬ್ಬಳ ಹೊಲಿದದ್ದಲ್ಲ, ಅವಳಿಗೆ ಕಾಣದ ಹಾಗೆ ಯಾರೋ ಹೊಲಿದಿದ್ದರು.

"ಕೈ ಹಾಕು," ಅಂದ ಅಧಿಕಾರಿ. "ನಿನ್ನ ಗಂಡ ಹಾಕ್ತಿದ್ನಲ್ಲ, ಹಾಗೆ."

ಅವಳು ಬಗ್ಗಿದಳು. ತೆಳ್ಳನೆಯ ಕೈ. ಅದು ಹಾಸಿನ ಅಡಿಗೆ ಹೋಗುವುದನ್ನು ದಬ್ಬಳ ನೋಡಿದಳು. ಮಣಿಕಟ್ಟು ಮರೆಯಾಯಿತು.

"ತೆಗಿ," ಅಂದಳು.

"ಅಕ್ಕ?"

"ಕೈ ತೆಗಿ. ಮನೆಗೆ ನಡಿ. ಸಾಮಾನು ಕಟ್ಟು. ಅವನಿಗೆ ಚಪ್ಪಲಿ ಹಾಕ್ಸು. ಬಸ್ಸು ಹತ್ತಿ ಹೋಗ್ರಿ."

"ಏಯ್, ಏನದು?" ಅಂದ ಅಧಿಕಾರಿ.

"ನಾನು ಒಬ್ಬಳೇ ಹಾಸ್ತೀನಿ ಸಾರ್. ನನಗೆ ಬರುತ್ತೆ."

ನಾದಿನಿ ಒಂದು ಕ್ಷಣ ಅವಳ ಮುಖ ನೋಡಿದಳು. ಎದ್ದಳು. ಹೋದಳು.

ದಬ್ಬಳ ಒಬ್ಬಳೇ ಹಾಸಿದಳು. ಹೆಗಲು ಕೊಟ್ಟು ದೂಡಿದಳು, ಎದೆ ಕೊಟ್ಟು ದೂಡಿದಳು. ಬೆನ್ನಿನ ಮೂಳೆ ಲಟಲಟ ಅಂದಿತು. ಯಾರೂ ಸಹಾಯಕ್ಕೆ ಬರಲಿಲ್ಲ. ಹಾಸು ನೆಟ್ಟಗಾಯಿತು. ಸುಕ್ಕು ಬಿಡಿಸಿದಳು, ಒರೆಸಿದಳು. ಅಧಿಕಾರಿ ಕೈಗಡಿಯಾರ ನೋಡಿ ಬೆರಳು ಆಡಿಸಿದ. ಹಿಂದೆ ಸರಿ.

ಅವಳು ಸರಿಯಲಿಲ್ಲ. ಹಾಸಿನ ನಡುವೆ ಕಾಲು ಮಡಚಿ ಕೂತಳು.

ಬಾಗಿಲು ತೆರೆದಾಗಿತ್ತು. ದೂತ ನಡುವೆ, ಬಲಕ್ಕೆ ಪ್ರಭುಗಳು, ಎಡಕ್ಕೆ ನಮ್ಮಣ್ಣ. ಹಿಂದೆ ಸಲಹೆಗಾರ, ದುಭಾಷಿ. ದೂತನ ದೇಶದ ಕ್ಯಾಮೆರಾಗಳೂ ಇದ್ದವು. ಕಾವಲಿನವರು ಮುಂದೆ ಬಂದವರು ಕ್ಯಾಮೆರಾ ಕಂಡು ನಿಂತರು. ಹಾಸಿನ ಮೇಲೆ ಕೂತ ಹೆಂಗಸನ್ನು ದೂತ ಆಶ್ಚರ್ಯದಿಂದ ನೋಡಿದ. ನಿಂತ. ಅವನು ನಿಂತದ್ದಕ್ಕೆ ಇಬ್ಬರೂ ನಿಂತರು.

"ನನ್ನ ತಮ್ಮನ ಕೈ ಇವರ ಬೂಟಿನಡಿ ಇತ್ತು," ಎಂದು ದಬ್ಬಳ ನಮ್ಮಣ್ಣನನ್ನು ತೋರಿಸಿದಳು. "ಅವರ ಕಡೆಯವರು ಎಳೆಸಿದ್ರು," ಎಂದು ಪ್ರಭುಗಳನ್ನು ತೋರಿಸಿದಳು. "ನಿಮ್ಮ ಮನುಷ್ಯ ಕಟ್ಟು ಬಿಚ್ಚಿಸಿ ಕೊಳೆಸಿದ. ಈಗ ಮೂರೂ ಜನ ಒಟ್ಟಿಗೆ ಬಂದಿದೀರಿ. ಕೈ ಹೋಯ್ತು. ಎಲ್ಲಿ ಅಂತ ಯಾರನ್ನ ಕೇಳ್ಲಿ?"

ಅವಳ ದನಿ ಏರಲಿಲ್ಲ. ದೂತ ದುಭಾಷಿಯ ಕಡೆ ತಿರುಗಿದ. ದುಭಾಷಿ ಪ್ರಭುಗಳ ಮುಖ ನೋಡಿದ, ನಮ್ಮಣ್ಣನ ಮುಖ ನೋಡಿದ. ಆಮೇಲೆ ದೂತನ ಭಾಷೆಯಲ್ಲಿ ಒಂದು ಮಾತು ಹೇಳಿದ. ಬಹಳ ಚಿಕ್ಕ ಮಾತು.

ದೂತ ಮುಗುಳ್ನಕ್ಕ. ಎದೆಯ ಮೇಲೆ ಕೈಯಿಟ್ಟು ಅವಳಿಗೆ ತಲೆ ಬಾಗಿದ. ಸಭೆ ಚಪ್ಪಾಳೆ ತಟ್ಟಿತು.

ದುಭಾಷಿ ಏನು ಹೇಳಿರಬಹುದೆಂದು ಅವಳಿಗೆ ಹೊಳೆಯಿತು. ಸ್ವಾಗತ ಕೋರುತ್ತಿದ್ದಾಳೆ ಎಂದಿರಬೇಕು. ಹರಸುತ್ತಿದ್ದಾಳೆ ಎಂದೂ ಇರಬಹುದು. ದೂತ ಅವಳ ಪಕ್ಕದಿಂದ ದಾಟಲು ಹೆಜ್ಜೆ ಇಟ್ಟ. ಅವಳು ಎರಡೂ ಕೈ ಚಾಚಿ ಅವನ ಕಣಕಾಲು ಹಿಡಿದಳು. ಹಿಡಿದವಳು ಬಿಡಲಿಲ್ಲ.

ದೂತ ತಡವರಿಸಿದ. ಬಿದ್ದುಬಿಡುತ್ತಿದ್ದ, ಸಲಹೆಗಾರ ಹಿಡಿದುಕೊಂಡ. ದೂತನ ನಗು ಮುಖದಲ್ಲೇ ಗಟ್ಟಿಯಾಯಿತು. ಕಾಲು ಜಗ್ಗಿದ. ಭಾರದ ಹಾಸನ್ನು ವರ್ಷಗಟ್ಟಲೆ ಎಳೆದ ಕೈಗಳು ಅವು. ಕಾಲು ಬರಲಿಲ್ಲ.

"ಹೊಡೀಬೇಡಿ," ಎಂದು ಅಧಿಕಾರಿ ಹಲ್ಲು ಕಚ್ಚಿ ಕಾವಲಿನವರಿಗೆ ಹೇಳಿದ. "ಅವರ ಕ್ಯಾಮೆರಾ ಇದೆ. ಹೊಡೀಬೇಡಿ."

ದೂತ ಪ್ರಭುಗಳ ಕಡೆ ನೋಡಿದ. ಆ ನೋಟಕ್ಕೆ ದುಭಾಷಿ ಬೇಕಾಗಿರಲಿಲ್ಲ. ಪ್ರಭುಗಳು ಬಗ್ಗಿದರು. ಅವರ ಮಂಡಿ ಹಾಸಿನ ಮೇಲೆ ಊರಿತು. ನಮ್ಮಣ್ಣನೂ ಈ ಕಡೆಯಿಂದ ಬ‍ಗ್ಗಿದ. ಇಬ್ಬರೂ ಮುಖದಲ್ಲಿ ನಗು ಇಟ್ಟುಕೊಂಡೇ ಅವಳ ಬೆರಳುಗಳನ್ನು ಬಿಡಿಸತೊಡಗಿದರು. ಒಬ್ಬೊಬ್ಬರು ಒಂದೊಂದು ಕೈ ಹಂಚಿಕೊಂಡಿದ್ದರು. ದೇಶ ಕಂಡ ಹಾಗೆ ಅವರಿಬ್ಬರು ಸೇರಿ ಮಾಡಿದ ಮೊದಲ ಕೆಲಸ ಅದು.

"ಬಿಡಮ್ಮ, ತಾಯಿ," ಅಂದರು ಪ್ರಭುಗಳು ಗಟ್ಟಿಯಾಗಿ. ಮೆತ್ತಗೆ, ಅವಳಿಗೆ ಮಾತ್ರ ಕೇಳುವ ಹಾಗೆ, "ನಿನ್ನ ವಂಶ ಉಳಿಸಲ್ಲ," ಅಂದರು.

ಅವರ ಕೈ ಬಹಳ ನಯವಾಗಿತ್ತು. ನಯವಾದ ಕೈಯೇ ಅವಳ ಕಿರುಬೆರಳನ್ನು ಹಿಂದಕ್ಕೆ ಮಡಚಿತು. ಟಪ್ಪೆಂದಿತು. ಕಣ್ಣು ಕತ್ತಲಿಟ್ಟಿತು. ಅವಳು ತುಟಿ ಕಚ್ಚಲಿಲ್ಲ. ಬಾಯಿ ತುಂಬ ಕೂಗಿದಳು. ಆ ಕೂಗು ಕಂಬಗಳಿಗೆ ಬಡಿದು ತಿರುಗಿ ಬಂತು. ಕ್ಯಾಮೆರಾದವರು ಹತ್ತಿರ ಹತ್ತಿರ ಬಂದರು.

ನಮ್ಮಣ್ಣನ ಮುಖ ಅವಳ ಮುಖದ ಪಕ್ಕದಲ್ಲೇ ಇತ್ತು. ಬೆವರುತ್ತಿದ್ದ. ಅವಳ ಹೆಬ್ಬೆರಳನ್ನು ಬಿಡಿಸುತ್ತ ಊರಿನ ಮಾತಲ್ಲಿ ಪಿಸುಗುಟ್ಟಿದ.

"ನಾನು ಆವತ್ತು ನೋಡಲಿಲ್ಲ ಕಣವ್ವ. ಆಣೆ ಮಾಡಿ ಹೇಳ್ತೀನಿ, ನೋಡಲಿಲ್ಲ."

"ಇವತ್ತು ನೋಡ್ತಿದೀಯಲ್ಲ," ಅಂದಳು ದಬ್ಬಳ. "ಮುರಿ."